ಚೀಲದ ಚಕ್ಕುಬಂದಿ

ಮನೆ ಬಿಟ್ಟು ಬಸ್‌ಸ್ಟ್ಯಾಂಡ್ ಸೇರುವಷ್ಟರಲ್ಲಿ ನಾನು ನನ್ನ ಕೈಚೀಲವನ್ನು ಕಡಿಮೆಯೆಂದರೂ ನಾಲ್ಕು ಸಲ ಮುಟ್ಟಿ ನೋಡಿಕೊಳ್ಳುತ್ತೇನೆ. ನಮ್ಮೂರು ಮಾಯಸಂದ್ರದಲ್ಲಿ ನನ್ನನ್ನು ನೋಡಿದವರು ಈ ಮನುಷ್ಯ ಒಡವೆ ಗಿಡವೆ ಹೊತ್ತು ತಿರುಗುತ್ತಿರಬೇಕು ಎಂದುಕೊಂಡರೆ ಅವರ ತಪ್ಪಲ್ಲ. ಒಳಗಿರುವುದು ಒಂದು ಟಾರ್ಚು, ಇನ್ನೊಂದು ಕನ್ನಡಕ, ನಾಲ್ಕು ಪೆನ್ನು, ಮಡಚುವ ಛತ್ರಿ, ಮತ್ತು ನನ್ನ ಜೀವ. ಕೊನೆಯದು ಬರೀ ಮಾತಿಗೆ ಹೇಳಿದ್ದಲ್ಲ.

ನಾನು ತುರುವೇಕೆರೆಯಲ್ಲಿ ಪತ್ರ ಬರೆಯುವವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ. ಟೈಪ್ ಆಗುವುದು ಪಕ್ಕದ ಕಂಪ್ಯೂಟರ್ ಅಂಗಡಿಯಲ್ಲಿ. ಕರಡು ಮಾತ್ರ ಇನ್ನೂ ನನ್ನ ಕೈಬರಹ. ಯಾವ ತೋಟಕ್ಕೆ ಮೂಡಲಲ್ಲಿ ಏನಿದೆ, ಪಡುವಲಲ್ಲಿ ಯಾರಿದ್ದಾರೆ ಎಂದು ಚಕ್ಕುಬಂದಿ ಬರೆದೂ ಬರೆದೂ, ಈಗ ಚೀಲಕ್ಕೂ ನಾಲ್ಕು ದಿಕ್ಕಿನ ಗಡಿ ಹಾಕದೆ ನನಗೆ ಸಮಾಧಾನವಿಲ್ಲ. ಟಾರ್ಚು ತೆಂಕಲಿಂದ ಬಡಗಲಿಗೆ ಸರಿದರೆ ಆವತ್ತೆಲ್ಲ ಎದೆ ಡವಡವ.

ಮೂರು ವರ್ಷದಿಂದ ನನಗೆ ಶುಗರ್. ದಿನಾ ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ತಿಪಟೂರಿನ ಡಾಕ್ಟರು ಮೊದಲ ದಿನವೇ ಹೇಳಿದ್ದರು: "ಚುಚ್ಕೊಂಡ್ಮೇಲೆ ತಿನ್ನೋದು ತಡ ಆದ್ರೆ ಶುಗರ್ ಸರ್ರಂತ ಇಳಿಯುತ್ತೆ. ಕೈ ನಡುಗುತ್ತೆ, ಮಾತು ತೊದಲುತ್ತೆ. ಯಾವಾಗ್ಲೂ ಏನಾದ್ರೂ ಸಿಹಿ ಜೊತೇಲಿರ್ಲಿ." ಅವರು ಹೇಳಿದ್ದು ಜೀವದ ಮಾತು, ನಾನು ಹೆದರಿದ್ದು ಕಸುಬಿಗೆ. ಕೈ ನಡುಗುವವನ ಹತ್ತಿರ ತಮ್ಮ ತೋಟದ ಪತ್ರ ಯಾರು ಬರೆಸುತ್ತಾರೆ? ಹಾಗಾಗಿ ಹೆಂಡತಿಗೆ ಬಿಟ್ಟು ಇನ್ನೊಬ್ಬರಿಗೆ ಈ ವಿಷಯ ಹೇಳಲಿಲ್ಲ.

ಹೊಂದುವ ಸಿಹಿ ಹುಡುಕುವುದು ಹೆಣ್ಣು ಹುಡುಕಿದ್ದಕ್ಕಿಂತ ಕಷ್ಟವಾಯಿತು. ಮೊದಲು ಬೆಲ್ಲದ ಚೂರು ಇಟ್ಟುಕೊಂಡೆ. ಇರುವೆಗಳು ಸಾಲಾಗಿ ಚೀಲದಿಂದ ಇಳಿದು ಯಾರದೋ ಕ್ರಯಪತ್ರದ ಮೇಲೆ ಓಡಾಡಿದವು. ಚಾಕಲೇಟು ಬಿಸಿಲಿಗೆ ಕರಗಿ ಕನ್ನಡಕಕ್ಕೆ ಮೆತ್ತಿಕೊಂಡಿತು. ಕೊನೆಗೆ ನನ್ನ ಹೆಂಡತಿ ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿಗೆ ತುಂಬಿಕೊಟ್ಟಳು. ನಮ್ಮ ಕಡೆಯ ಕೊಬ್ಬರಿ, ಅವಳ ಕೈಯ ಹದ, ಕೇಳಬೇಕೆ? ಬೆಳಗ್ಗೆ ಒಂದು ಆಕಳಿಕೆ ಬಂದರೆ ಶುಗರ್ ಇಳಿಯುತ್ತಿರಬಹುದೆಂದು ಒಂದು ಚೂರು, ಬಸ್ಸು ಕುಲುಕಿದರೆ ಮುನ್ನೆಚ್ಚರಿಕೆಗೆ ಇನ್ನೊಂದು. ಮಧ್ಯಾಹ್ನಕ್ಕೆ ಡಬ್ಬಿ ಖಾಲಿ.

"ಇಳಿಯುತ್ತೆ ಅನ್ನೋ ಭಯಕ್ಕೆ ಏರಿಸ್ಕೊಂಡು ಬಂದಿದ್ದೀರಲ್ರೀ," ಎಂದರು ಡಾಕ್ಟರು, ರಿಪೋರ್ಟು ನೋಡಿ.

ಫೋನಿನಲ್ಲಿ ವಿಡಿಯೋ ಹುಡುಕಿದೆ. ದಿನಾ ಜೊತೆಗಿರಬೇಕಾದ ಸಾಮಾನು ಎಂದು ಗಡ್ಡದ ಯುವಕರು ತೋರಿಸುತ್ತಿದ್ದದ್ದು ಮಡಚುವ ಚಾಕು, ಹಗ್ಗ, ಬೆಂಕಿ ಹೊತ್ತಿಸುವ ಕಡ್ಡಿ. ಅವರಿಗೆ ಕಾಡಿನಲ್ಲಿ ದಾರಿ ತಪ್ಪುವ ಭಯ, ನನಗೆ ಮಾಯಸಂದ್ರದ ಬಸ್ಸಿನಲ್ಲಿ ಮಾತು ತಪ್ಪುವ ಭಯ. ಅವರ ಚೀಲ ನನಗೆ ಆಗಿಬರುವುದಿಲ್ಲ ಎಂದು ಫೋನು ಮಡಗಿದೆ.

ಕಡೆಗೆ ಒಪ್ಪಿದ್ದು ಗ್ಲುಕೋಸ್ ಪುಡಿ. ಅಗ್ಗ, ಬಿಸಿಲಿಗೆ ಕರಗುವುದಿಲ್ಲ, ಆಸೆಯಂತೂ ಹುಟ್ಟುವುದೇ ಇಲ್ಲ. ಪುಡಿಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿದೆ. ಪೊಟ್ಟಣವನ್ನು ಡಬ್ಬಿಗೆ, ಡಬ್ಬಿಯನ್ನು ದರ್ಜಿ ಉಳಿಕೆ ಬಟ್ಟೆಯಲ್ಲಿ ಹೊಲಿದುಕೊಟ್ಟ ಸಂಚಿಗೆ, ಸಂಚಿಯನ್ನು ಚೀಲದ ಒಳಜಿಪ್ಪಿನೊಳಗೆ ಸೇರಿಸಿದೆ. ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ನಮ್ಮಜ್ಜಿಯ ಎಲೆಅಡಿಕೆ ಸಂಚಿಯಲ್ಲಿ ಕತ್ತಲಲ್ಲೂ ಸುಣ್ಣದ ಡಬ್ಬಿ ಬೆರಳಿಗೆ ಸಿಗುತ್ತಿತ್ತು. ಆ ಬುದ್ಧಿ ನನಗೆ ಹೊಳೆಯಲಿಲ್ಲ.

ಆಮೇಲೊಂದು ಸೋಮವಾರ ಪುಟ್ಟಮ್ಮ ಎಂಬಾಕೆ ಮಗಳಿಗೆ ತೋಟ ಬರೆದುಕೊಡಲು ತಮ್ಮನನ್ನು ಕರೆದುಕೊಂಡು ಬಂದಳು. ಜನ ಬಹಳವಿತ್ತು, ನನ್ನ ತಿಂಡಿ ಡಬ್ಬಿ ಬಿಚ್ಚದೆ ಉಳಿದಿತ್ತು. ಕರಡು ಓದಿ ಹೇಳುತ್ತಿದ್ದೆ.

"ಅಲ್ಲ ಸ್ವಾಮಿ," ಎಂದಳು ಪುಟ್ಟಮ್ಮ, "ಮೂಡ್ಲುಗೂ ಹಳ್ಳ ಅಂತೀರಿ, ಪಡುವ್ಲುಗೂ ಹಳ್ಳ ಅಂತೀರಿ. ನಮ್ ತೋಟ ಏನು ನೀರ್ ಮ್ಯಾಲೆ ತೇಲ್ತೈತಾ?"

ಉತ್ತರ ಹೇಳಹೋದೆ, ನಾಲಿಗೆ ಹೊರಳಲಿಲ್ಲ. ಬೆವರು ಧಾರೆಯಾಗಿ ಇಳಿಯುತ್ತಿತ್ತು. ತಮ್ಮ ನನ್ನ ಮುಖ ನೋಡಿ ಎದ್ದೇಬಿಟ್ಟ. "ಬೆಳಿಗ್ಗೇನೇ ಹಾಕ್ಕಂಡ್ ಬಂದವ್ರೆ ಕಣಕ್ಕ. ಬಾ, ಬ್ಯಾರೇರ್ ತಾವ ಬರ್ಸಾನ."

ಚೀಲಕ್ಕೆ ಕೈ ಹಾಕಿದೆ. ಜಿಪ್ಪು ಬೆರಳಿಗೆ ಸಿಗಲೊಲ್ಲದು. ನಾನೇ ಹಾಕಿದ ನಾಲ್ಕು ಗಡಿಯೊಳಗೆ ನನ್ನ ಜೀವ ಭದ್ರವಾಗಿ ಕೂತಿತ್ತು, ನಾನು ಹೊರಗಿದ್ದೆ. ಪುಟ್ಟಮ್ಮ ಒಂದು ಗಳಿಗೆ ನನ್ನ ಕೈ ನೋಡಿದಳು. ಚೀಲ ಕಿತ್ತುಕೊಂಡು ಒಳಜಿಪ್ಪು ಎಳೆದು ಎಲ್ಲವನ್ನೂ ಮೇಜಿನ ಮೇಲೆ ಸುರಿದಳು, ಸಂಚಿ ಬಿಚ್ಚಿ ಡಬ್ಬಿ ತೆಗೆದು ಪುಡಿಯನ್ನು ನಾಲಿಗೆಗೆ ಮುಟ್ಟಿಸಿ ನೋಡಿದಳು.

"ಸುಮ್ಕಿರ್ಲಾ, ಕುಡ್ದಿಲ್ಲ ಇವ್ರು. ನಿಮ್ ಭಾವುಂಗೂ ಹಿಂಗೇ ಆಗೋದು," ಎಂದು ತಮ್ಮನನ್ನು ಗದರಿ, ಕರುವಿಗೆ ಔಷಧಿ ಹಾಕುವ ಹಾಗೆ ನನ್ನ ಗಲ್ಲ ಹಿಡಿದು ಪುಡಿ ಬಾಯಿಗೆ ಹಾಕಿದಳು.

ಕಾಲು ಗಂಟೆಯಲ್ಲಿ ಲೋಕ ತನ್ನ ಜಾಗಕ್ಕೆ ಬಂತು. ಆಕೆ ಎದ್ದು ಹೋಗಿರಲಿಲ್ಲ. "ಈಗ ಹೇಳಿ, ಪಡುವ್ಲುಗೆ ಏನೈತೆ?" ಎಂದು ಪರೀಕ್ಷೆ ಮಾಡಿದಳು.

"ನಿಮ್ಮ ತಮ್ಮನ ತೋಟ," ಎಂದೆ.

"ಹ್ಞಾಂ, ಮೊದ್ಲು ತಿಂಡಿ ತಿನ್ನಿ, ಆಮ್ಯಾಕ್ ಬರೀರಿ. ಅಲ್ಲ, ಇದುನ್ನ ಕಳ್ಳ್ ಮಾಲ್ ಮಡಗ್ದಂಗೆ ಮಡಗೀರಲ್ಲ. ಎದ್ರುಗೇ ಇಕ್ಕಂಡ್ರೆ ಯಾರ್ ಕಿತ್ಕಂತಾರೆ?"

ನಾಚಿಕೆಯಾಯಿತು. ಮಾರನೆಯ ದಿನದಿಂದ, ನಾನು ಬಂದು ಕೂತ ತಕ್ಷಣ ಪೊಟ್ಟಣ ಚೀಲದಿಂದ ಮೇಜಿನ ಮೇಲಕ್ಕೆ ಬರುತ್ತದೆ. ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತೇನೆ, ನನ್ನ ಮಾತು ತೊದಲಿದರೆ ಇದನ್ನು ಬಾಯಿಗೆ ಹಾಕಿ ಎಂದು. ನಾನು ಹೆದರಿದ್ದ ಹಾಗೆ ಯಾರೂ ಎದ್ದು ಹೋಗಲಿಲ್ಲ. ಒಂದೇ ತೊಂದರೆ: ಸರಿಯಾದ ಒಂದು ಪದಕ್ಕಾಗಿ ನಾನು ತುಸು ಯೋಚಿಸುತ್ತ ಕೂತರೂ ಸಾಕು, ಎದುರಿನವರ ಕೈ ಪೊಟ್ಟಣದ ಕಡೆ ಹೊರಡುತ್ತದೆ. ಈಗ ನನ್ನ ಬಾಯನ್ನೇ ನೋಡುತ್ತ ಗಾಬರಿಯಿಂದ ಕೂತಿರುವವರು ಅವರು. ನಾನು ನಿಶ್ಚಿಂತೆಯಿಂದ ಬರೆಯುತ್ತೇನೆ.