ಬಾವರ್ಚಿ ಮುನಾಫನ ನಾಲಿಗೆ

ಮುನಾಫನನ್ನು ನಾನು ಬಹಳ ದಿನ ದೊಡ್ಡ ರಸಿಕನೆಂದು ತಿಳಿದಿದ್ದೆ. ಬಬಲೇಶ್ವರ ರಸ್ತೆಯ ಒಂದು ಧಾಬಾದಲ್ಲಿ ಅವನು ಒಬ್ಬನೇ ಕೂತು ಸಾಕಿದ ಮೊಲದ ಖಂಡ ತಿನ್ನುತ್ತಿದ್ದುದನ್ನು ಮೊದಲ ಸಲ ನೋಡಿದೆ. ಕಣ್ಣು ಮುಚ್ಚಿ, ಒಂದೊಂದೇ ತುಂಡನ್ನು ದವಡೆಯ ಈ ಕಡೆಯಿಂದ ಆ ಕಡೆಗೆ ಸರಿಸುತ್ತ, ದೂರದಲ್ಲಿ ಯಾರೋ ಕರೆದದ್ದು ತನ್ನನ್ನೇ ಏನೋ ಎಂದು ಕಿವಿಗೊಟ್ಟವರ ಹಾಗೆ ತಲೆ ವಾಲಿಸಿ ತಿನ್ನುತ್ತಿದ್ದ. ತಿಂದ, ನೀರು ಕುಡಿದ, ಎದ್ದ. ಚೊಲೋ ಐತಿ ಅನ್ನಲಿಲ್ಲ, ಕೆಟ್ಟೈತಿ ಅಂತಲೂ ಅನ್ನಲಿಲ್ಲ. ಇಂಥ ಮೌನ ಬಹಳ ತಿಳಿದವರಿಗೆ ಮಾತ್ರ ಸಾಧ್ಯ ಎಂದುಕೊಂಡು ನಾನು ಮುಂದಿನ ರವಿವಾರವೇ ಅವನ ಸುದ್ದಿಯನ್ನು ನಮ್ಮ ಮಂಡಳಿಗೆ ಮುಟ್ಟಿಸಿದೆ.

ನಮ್ಮ ಮಂಡಳಿಯ ಬಗ್ಗೆ ಎರಡು ಮಾತು ಹೇಳಬೇಕು. ವಿಜಯಪುರದ ನಾವು ಕೆಲವರು ರವಿವಾರ ಊರ ಹೊರಗೆ ಹೋಗಿ ಖಂಡದೂಟ ಮಾಡುತ್ತೇವೆ. ಮನೆಯಲ್ಲಿ ಇದಕ್ಕೆ ಮೀಟಿಂಗ್ ಎಂದು ಹೆಸರು. ಅಧ್ಯಕ್ಷರು ನಿವೃತ್ತ ಪ್ರಿನ್ಸಿಪಾಲ ಬಸಲಿಂಗಯ್ಯನವರು. ಅವರ ಮನೆಯಲ್ಲಿ ತತ್ತಿಯ ಹೆಸರನ್ನೂ ಎತ್ತುವಂತಿಲ್ಲ. ಹಾಗಾಗಿ ಅವರು ಸೋಮವಾರ ಖಂಡ ಮುಟ್ಟುವುದಿಲ್ಲ, ಶ್ರಾವಣದಲ್ಲಿ ಮುಟ್ಟುವುದಿಲ್ಲ, ಊರ ಹದ್ದಿನೊಳಗೆ ಮುಟ್ಟುವುದಿಲ್ಲ. ಊರಾಚೆಯ ತೊರವಿ ದಾಟಿದ ಮೇಲೆ ಅವರಿಗೆ ಹಸಿವಾಗುತ್ತದೆ. ಇನ್ನೊಬ್ಬ ಅಂಬಾದಾಸ, ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ. ಕಾರು ಅವನದು, ಆದ್ದರಿಂದ ಕೊನೆಯ ಮಾತೂ ಅವನದೇ.

ಮುನಾಫ ತಿಕೋಟಾದ ಬಾವರ್ಚಿ. ಅವನಪ್ಪ ಬಾಬುಸಾಬನದೂ ಅದೇ ಕಸುಬು. ಹೊನವಾಡದಿಂದ ಬಬಲೇಶ್ವರದ ತನಕ ಮದುವೆಯಿರಲಿ, ಮಗುವಿನ ಜಾವಳವಿರಲಿ, ಖಂಡದೂಟವೆಂದರೆ ಒಲೆಯ ಮೇಲಿನ ದೊಡ್ಡ ದೇಗಿನ ಮುಂದೆ ಅವನೇ. ಮಂಡಳಿಗೆ ಕರೆದಾಗ ಒಂದೇ ಮಾತು ಕೇಳಿದ: ಪ್ರತಿ ಸಲವೂ ಹೊಸ ಖಂಡ ಇರುತ್ತದೋ ಇಲ್ಲವೋ? ಪ್ರಿನ್ಸಿಪಾಲರು ಇದಕ್ಕೆ ಜಿಜ್ಞಾಸೆ ಎಂದು ಹೆಸರಿಟ್ಟರು. ಹೀಗೆ ಟರ್ಕಿ ಕೋಳಿಯಾಯಿತು, ಫಾರ್ಮಿನ ಲಾವಕ್ಕಿಯಾಯಿತು, ಎಲುಬೂ ಕರ್ರಗಿರುವ ಕಡಕನಾಥ ಕೋಳಿಯಾಯಿತು. ಏಡಿ ಮಾತ್ರ ತಮ್ಮಲ್ಲಿ ನಡೆಯುವುದಿಲ್ಲ ಎಂದು ಕೈಮುಗಿದ. ಉಳಿದದ್ದನ್ನೆಲ್ಲ ಕಣ್ಣು ಮುಚ್ಚಿ ತಿಂದು, "ಆತು" ಅನ್ನುತ್ತಿದ್ದ. ಆ ಒಂದು ಮಾತಿಗೆ ಪ್ರಿನ್ಸಿಪಾಲರು ಹದಿನೈದು ನಿಮಿಷ ವ್ಯಾಖ್ಯಾನ ಮಾಡುತ್ತಿದ್ದರು. ಟರ್ಕಿ ಬಿರುಸು ಎಂದು ಮುನಾಫ ತೀರ್ಪು ಕೊಟ್ಟಿದ್ದಾನೆ ಎಂದು ಅಂಬಾದಾಸ ತಿಕೋಟಾದ ತುಂಬ ಹೇಳಿಕೊಂಡು ಬಂದ. ಮುನಾಫ ಹಾಗೆ ಅಂದೇ ಇರಲಿಲ್ಲ.

ಬಬಲೇಶ್ವರದ ಒಂದು ಮದುವೆಯಲ್ಲಿ ನನಗೆ ವಿಷಯ ತಿಳಿಯಿತು. ಊಟಕ್ಕೆ ಇನ್ನೂ ಹೊತ್ತಿತ್ತು. ಅಡುಗೆ ನೋಡೋಣವೆಂದು ಮನೆಯ ಹಿಂದೆ ಹೋದೆ. ತಗಡಿನ ಮರೆಯಲ್ಲಿ ಮುನಾಫನ ಹೆಂಡತಿ ಸುರೈಯಾ ಕೂತಿದ್ದಳು. ಮುನಾಫ ದೇಗಿನಿಂದ ಒಂದಿಷ್ಟು ರಸ ಬಟ್ಟಲಲ್ಲಿ ತಂದು ಕೊಟ್ಟ. ಆಕೆ ಅಂಗೈಗೆ ಸುರುವಿಕೊಂಡು ನೆಕ್ಕಿ ಎರಡು ಬೆರಳೆತ್ತಿದಳು. ಅವನು ಹೋಗಿ ಎರಡು ಹಿಡಿ ಉಪ್ಪು ಹಾಕಿ ಬಂದ. ನಾನು ಚೇಷ್ಟೆಗೆ, ಇಷ್ಟು ದೊಡ್ಡ ನಾಲಿಗೆಯವನಿಗೂ ಹೆಂಡತಿಯ ಅಪ್ಪಣೆ ಬೇಕೇನಪ್ಪ ಎಂದೆ. ಸುರೈಯಾ ಗಂಡನ ಮುಖ ನೋಡಿದಳು. ಅವನು ಕೆಂಡ ಸರಿಸುತ್ತಲೇ ಹೇಳಿದ:

"ನನಗ ರುಚಿ ಇಲ್ರಿ, ಸರ. ಆ ಲಾಕ್‌ಡೌನಿನ ದೊಡ್ಡ ಜಡ್ಡು ಬಂದಾಗ ಹೋಗೇತಿ. ತಿರುಗಿ ಬಂದಿಲ್ಲ."

ವಾಸನೆಯೂ ಆವಾಗಲೇ ಹೋಗಿತ್ತು. ವಿಜಯಪುರದ ಡಾಕ್ಟರು ಮೊದಲು ಕೆಲವು ವಾರ ಅಂದರು, ಆಮೇಲೆ ಕೆಲವು ತಿಂಗಳು ಅಂದರು, ಕಡೆಗೆ ದಿನಾ ಲವಂಗ ಮೂಸಲು ಹೇಳಿದರು. ಚೀಲಗಟ್ಟಲೆ ಲವಂಗದ ನಡುವೆ ಬೆಳೆದವನು ಮತ್ತೆ ಲವಂಗ ಮೂಸಿದ. ಏನೂ ಆಗಲಿಲ್ಲ. ಖಾರ ಉರಿಯುವುದು ಗೊತ್ತಾಗುತ್ತದೆ, ಬಿಸಿ ಗೊತ್ತಾಗುತ್ತದೆ, ಅಷ್ಟೇ. ಮಟನ್ ಅಂದರೆ ಬಾಯಲ್ಲಿ ಒದ್ದೆ ಅರಿವೆ ಇಟ್ಟ ಹಾಗೆ, ಕೋಳಿ ಅಂದರೆ ಸ್ವಲ್ಪ ಹಿಂಡಿದ ಅರಿವೆಯ ಹಾಗೆ. ಇದನ್ನೆಲ್ಲ ಅವನು ಬಸ್ಸಿನ ವೇಳೆ ಹೇಳುವವನಂತೆ ಹೇಳಿದ. ಹೊಸ ಖಂಡದ ಉಪಾಯ ಸುರೈಯಾಳ ತಮ್ಮ, ಲಾರಿ ಓಡಿಸುವ ಅಜರುದ್ದೀನನದು. ಅದನ್ನೇ ಅದನ್ನೇ ತಿಂದು ನಾಲಿಗೆ ಮಲಗಿದೆ, ಕಂಡು ಕೇಳದ ಖಂಡ ಬಿದ್ದರೆ ದಡಕ್ಕನೆ ಏಳುತ್ತದೆ ಎಂದು ಅವನ ವಾದ. ಮುನಾಫ ನಂಬಿರಲಿಲ್ಲ. ಆದರೆ ಬೇರೆ ಔಷಧ ಯಾರೂ ಹೇಳಿರಲಿಲ್ಲ. ಏನಾದರೂ ತಿನ್ನು, ನನ್ನ ಪಾತ್ರೆಯಲ್ಲಿ ಬೇಡ ಎಂದು ಸುರೈಯಾ ಕಟ್ಟುಮಾಡಿದ್ದರಿಂದ ಧಾಬಾ ಹಿಡಿದ. ಆಮೇಲೆ ನಮ್ಮ ಮಂಡಳಿ ಸಿಕ್ಕಿತು. ನಾವು ಇಷ್ಟು ದಿನ ಒಬ್ಬ ರೋಗಿಗೆ ಔಷಧ ಕುಡಿಸಿ, ಅವನು ಮುಖ ಸಿಂಡರಿಸದಿದ್ದುದಕ್ಕೆ ಚಪ್ಪಾಳೆ ತಟ್ಟುತ್ತಿದ್ದೆವು.

ಯಾರಿಗೂ ಹೇಳಬೇಡಿ ಅಂದ. ನಾಲಿಗೆ ಸತ್ತ ಬಾವರ್ಚಿಗೆ ದೇಗು ಒಪ್ಪಿಸುವವರು ಯಾರು? ಕೈ ಅವನದು, ನಾಲಿಗೆ ಸುರೈಯಾಳದು, ಮನೆ ನಡೆಯುತ್ತಿತ್ತು. ನಾನು ಮಾತು ಕೊಟ್ಟೆ. ನನ್ನಂಥ ನಗೆಬರಹ ಬರೆಯುವವನ ಮಾತನ್ನು ಅವನು ನಂಬಿದ್ದು ದೊಡ್ಡತನ.

ಬಕ್ರೀದ್ ಆದ ಮೇಲೊಮ್ಮೆ ತಿಕೋಟಾಕ್ಕೆ ಹೋದಾಗ ಅವನ ಮನೆಗೆ ಹೋಗಿದ್ದೆ. ಹಬ್ಬದ ಪಾಲು ಹಂಚಿ, ತಾನು ಮಾತ್ರ ರೊಟ್ಟಿ ತಿಂದಿದ್ದನಂತೆ. ಖಂಡ ಬಿಡುವ ವಿಚಾರ ಇದೆ ಅಂದ. ನಾನು ಓದಿದವನಲ್ಲವೇ, ದಯೆ, ಜೀವ, ಧರ್ಮ ಎಂದು ಏನೇನೋ ಶುರುಮಾಡಿದೆ. ಅವನು ಕೈ ಅಡ್ಡ ಹಿಡಿದ.

"ಹಂಗೇನಿಲ್ರಿ. ತಿಂದಿದ್ದ ಗೊತ್ತಾಗಂಗಿಲ್ಲ ಅಂದಮ್ಯಾಲ ಯಾಕ ತಿನ್ನಬೇಕು? ಕೋಳಿಗೂ ಲುಕ್ಸಾನ, ನನಗೂ ಲಾಭಿಲ್ಲ."

ಸುರೈಯಾಳದು ಬೇರೆಯೇ ಚಿಂತೆ. "ಖಂಡ ಬಿಟ್ಟ ಬಾವರ್ಚಿ ಅಂದ್ರ ಮಂದಿ ಯಾಕ ಬಿಟ್ಟಿ ಅಂತ ಕೇಳೂದಿಲ್ಲೇನ್ರಿ? ಕೇಳಿದ್ರ ಈ ಮನಷ್ಯಾಗ ಸುಳ್ಳ ಹೇಳಾಕ ಬರಂಗಿಲ್ಲ. ಸುಮ್ಮನಿರಾಕ ಅಷ್ಟ ಬರತೈತಿ," ಅಂದಳು. ತಿಂದರೆ ಬಾಯಲ್ಲಿ ಅರಿವೆ, ಬಿಟ್ಟರೆ ಕಸುಬಿಗೆ ಕುತ್ತು. ಇನ್ನೊಂದೇ ಸಲ ನೋಡುತ್ತೇನೆ, ಪ್ರಿನ್ಸಿಪಾಲರು ಎಮು ಹಕ್ಕಿ ತರಿಸುತ್ತಾರಂತೆ, ಅದಕ್ಕೂ ನಾಲಿಗೆ ಏಳದಿದ್ದರೆ ಮುಗಿಯಿತು ಎಂದು ಮುನಾಫ ಹೇಳಿದ.

ಎಮು ಬಂತು. ಒಂದು ಕಾಲಕ್ಕೆ ಅದನ್ನು ಸಾಕಿ ಶ್ರೀಮಂತರಾಗಲು ಹೊರಟವರಲ್ಲಿ ಯಾರ ಹತ್ತಿರವೋ ಉಳಿದಿದ್ದ ಹಕ್ಕಿ ಅದಂತೆ. ಅಂಬಾದಾಸನ ತೋಟದಲ್ಲಿ, ದ್ರಾಕ್ಷಿ ಒಣಗಿಸುವ ಶೆಡ್ಡಿನ ನೆರಳಿಗೆ ಜಮಖಾನೆ ಹಾಸಿತ್ತು. ಅಂಬಾದಾಸ ಆ ದಿನ ಬಹಳ ಖುಷಿಯಲ್ಲಿದ್ದ. ಬರುವ ತಿಂಗಳು ಮೊಮ್ಮಗನ ಜಾವಳ, ಇಡೀ ಊರಿಗೆ ಊಟ, ಅಡುಗೆ ಮುನಾಫನದೇ ಎಂದು ಎಲ್ಲರೆದುರು ಸಾರಿದ. ಮುನಾಫ ತಲೆಯಾಡಿಸಿದ. ಪ್ರಿನ್ಸಿಪಾಲರು ಆದಿಮಾನವನಿಂದ ಶುರುಮಾಡಿ ಎಮುವಿನ ತನಕ ಬರುವಷ್ಟರಲ್ಲಿ ಖಂಡ ಆರಿತ್ತು.

ಮುನಾಫ ಒಂದು ತುಂಡು ಬಾಯಿಗಿಟ್ಟ. ಕಣ್ಣು ಮುಚ್ಚಿದ. ಅಗಿದ, ಬಹಳ ಹೊತ್ತು ಅಗಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಗೋಡೆಯನ್ನು ನೋಡಿದ್ದರೂ ಅಷ್ಟೇ ಕಾಣುತ್ತಿತ್ತು. ನುಂಗಿದ. ತಟ್ಟೆಯಲ್ಲಿದ್ದ ಉಳಿದ ಖಂಡವನ್ನು ನನ್ನ ತಟ್ಟೆಗೆ ಸರಿಸಿ, ಕೈ ತೊಳೆದು ಬಂದು, ರೊಟ್ಟಿ ಮುರಿದು ಮೊಸರಿಗೆ ಹಚ್ಚಿಕೊಂಡು ತಿನ್ನತೊಡಗಿದ.

ಇದೊಂದು ಹೊಸ ತೀರ್ಪು ಎಂದು ಮಂಡಳಿ ಊಟ ಬಿಟ್ಟು ಅವನತ್ತ ತಿರುಗಿತು. ಪ್ರಿನ್ಸಿಪಾಲರು ಕನ್ನಡಕ ಸರಿಪಡಿಸಿಕೊಂಡು ಮುಂದೆ ಬಾಗಿದರು. ಸುಮ್ಮನಿದ್ದುಬಿಡು ಎಂದು ನಾನು ಮುನಾಫನಿಗೆ ಕಣ್ಣಲ್ಲೇ ಹೇಳಿದೆ. ಸುಮ್ಮನಿದ್ದರೆ ಅದಕ್ಕೂ ಒಂದು ವ್ಯಾಖ್ಯಾನ ಹುಟ್ಟಿ ಎಲ್ಲ ಮೊದಲಿನ ಹಾಗೆಯೇ ನಡೆಯುತ್ತಿತ್ತು.

"ಮುನಾಫ, ಖರೇ ಹೇಳು," ಎಂದರು ಪ್ರಿನ್ಸಿಪಾಲರು. "ಕಣ್ಣಿಗೆ ಅರಿವಿ ಕಟ್ಟಿ ತಿನಿಸಿದ್ರ, ಇದು ಎಮು, ಇದು ಕುರಿ ಅಂತ ನಿನ್ನಂಥಾವನ ನಾಲಿಗಿಗೆ ಎಷ್ಟು ಸೆಕೆಂಡಿನ್ಯಾಗ ಗೊತ್ತಾಗಬಹುದು?"

ಮುನಾಫ ಬಾಯಲ್ಲಿದ್ದ ರೊಟ್ಟಿ ನುಂಗಿದ.

"ಕಣ್ಣು ತೆರಕೊಂಡು ತಿಂದ್ರೂ ಗೊತ್ತಾಗಂಗಿಲ್ರಿ, ಸಾಹೇಬರ. ನಾಲಿಗಿ ಸತ್ತು ನಾಕೈದು ವರ್ಷಾತು. ಅಂಬಾದಾಸ ಸಾವಕಾರ್ರ, ಜಾವಳದ ಅಡಗಿಗೆ ಉಪ್ಪು ನೋಡಾಕ ನನ್ನ ಹೇಣ್ತಿ ಬರತಾಳ. ಬ್ಯಾಡ ಅಂದ್ರ ಈಗ ಹೇಳಿಬಿಡ್ರಿ."