ಸೊಲ್ಲು ಹೇಳುವವರು

ಆನೇಮಹಲ್‌ನ ಚಾ ಅಂಗಡಿಯಲ್ಲಿ ವನಗೂರಿನ ಬಸ್ಸಿಗೆ ಕಾಯುತ್ತಿದ್ದೆ. ಕಾಫಿ ಎಸ್ಟೇಟಿನ ಕೂಲಿಲೈನಿನ ಅಸ್ಸಾಮಿನವರು ಅಲ್ಲೇ ಒಂದು ಫೋಟೋಗೆ ಕೆಂಪಂಚಿನ ಬಿಳಿ ಟವೆಲ್ ಹಾಕಿ ಅಳುತ್ತಿದ್ದರು.

"ನಿಮ್ ನೆಂಟನಾ?" ಎಂದು ಒಬ್ಬ ಹುಡುಗಿಯನ್ನು ಕೇಳಿದೆ.

"ಅಲ್ಲ ಅಜ್ಜಿ, ನಮ್ ಹಾಡುಗಾರ. ತೀರಿಕೊಂಡು ವರ್ಷ ಆಯ್ತು. ಅವ್ರ ಹಾಡಿಲ್ದೆ ನಮ್ಗೆ ಹಬ್ಬ ಇಲ್ಲ."

"ವರ್ಷ ಆದ್ರೂ ಅಳ್ತೀರಾ? ಎಲ್ಲಿ, ಒಂದು ಹಾಡು ನೋಡನ."

ಹಾಡಿದಳು. ಮೇಲಿನ ಸ್ವರದಲ್ಲಿ ಗಂಟಲು ಒಡೆಯಿತು. ನಾನೂ ಹಾಡುವವಳೇ; ಒಳಗೇ ಖುಷಿಯಾಯಿತು. ಅಷ್ಟರಲ್ಲಿ ಉಳಿದವರೆಲ್ಲ ಸೇರಿ ಹಾಡನ್ನು ಎತ್ತಿಕೊಂಡರು. ಹೊಟ್ಟೆ ಉರಿಯಿತು. ಸತ್ತವನಿಗೆ ಇಷ್ಟು ಜನ. ಬದುಕಿರುವ ನಾನು ಮದುವೆಮನೆಯಲ್ಲಿ ಸೋಬಾನೆ ಎತ್ತಿದರೆ ಹಿಂದೆ ದನಿಗೂಡಿಸಿ ಸೊಲ್ಲು ಹೇಳಲು ಒಬ್ಬಳೂ ಇಲ್ಲ. ನಾಳೆ ವನಗೂರಿನ ಮದುವೆಯಲ್ಲೂ ಅದೇ.

ಬಸ್ಸು ಬಂತು.

"ಏ ಹುಡ್ಗಿ," ಎಂದೆ, "ನಾಳೆ ರಜಾ ಹಾಕ್ಬುಟ್ಟು ವನಗೂರಿಗೆ ಬಾ. ನನ್ ಹಿಂದೆ ಸೊಲ್ಲು ಹೇಳೀಯಂತೆ."