ಟ್ಯಾಂಕಿನ ಫಲಕದಲ್ಲಿ ಇರದ ಹೆಸರು

ಗುಂಡು ಹೊಕ್ಕ ತೂತಿನ ಮೇಲೆ ವಿಭೂತಿಯ ಮೂರು ಹಸಿ ಗೆರೆಗಳಿದ್ದವು. ಬಾಗಲಕೋಟೆಯ ವಸ್ತುಸಂಗ್ರಹಾಲಯದ ಅಂಗಳದಲ್ಲಿರುವ ಯುದ್ಧದ ಟ್ಯಾಂಕ್ ಅದು. ಗೆರೆ ಎಳೆದ ಹುನಗುಂದದ ಅಜ್ಜಿ, ಎಂದಿನಂತೆ ಅಂಗಳದ ಎದುರು ಬಸ್ಸಿಳಿದು ಕೆಲಸಕ್ಕೆ ಹೊರಟಿದ್ದ ನನ್ನನ್ನು ಕರೆದರು.

"ನಮ್ಮನಿಯವ್ರು ಇದ್ರಾಗ ಹ್ವಾದ್ರವ್ವಾ. ಮಣ್ಣು ಮಾಡಾಕ ಹೆಣಾನೂ ಬರ್ಲಿಲ್ಲ. ವರ್ಷಾ ಇಲ್ಲೇ ಬಂದು ಈಬತ್ತಿ ಹಚ್ತೇನಿ. ನನಗ ಓದಾಕ ಬರೂದಿಲ್ಲ. ಬೋರ್ಡಿನ್ಯಾಗ ಅವರ ಹೆಸರು ಐತೇನು, ಓದು."

ಫಲಕದಲ್ಲಿ ಯಾರ ಹೆಸರೂ ಇರಲಿಲ್ಲ. ಅದು ಶತ್ರು ಸೇನೆಯಿಂದ ವಶಪಡಿಸಿಕೊಂಡ ಟ್ಯಾಂಕ್ ಎಂದಿತ್ತು. ಗಂಡನ ಹೆಸರನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳದೆ, "ಐತ್ರಿ ಅಜ್ಜಿ" ಎಂದೆ.

ಎಲ್ಲಿ ಎಂದರು. ಅವರ ಬೆರಳು ಹಿಡಿದು ಒಂದು ಪದದ ಮೇಲಿಟ್ಟೆ. ಅದು 'ಶತ್ರು' ಎಂಬುದನ್ನು ಆಮೇಲೆ ಗಮನಿಸಿದೆ. ಅಜ್ಜಿ ಅದನ್ನೇ ಸವರಿದರು.

"ನಾಳೆ ಮುಂಜಾನಿ ಮಗಳನ್ನ ಕರ್ಕೊಂಡು ಬರ್ತೇನಿ. ಅಪ್ಪನ ಹೆಸರು ಆಕಿನೂ ಓದ್ಲಿ."

ಮರುದಿನ ಬೆಳಿಗ್ಗೆ, ಆ ಅಂಗಳದ ಎದುರು ಹಾಯದ ಬಸ್ಸು ಹತ್ತಿ ಕೆಲಸಕ್ಕೆ ಹೋದೆ.